ಗೋಡು ಮಣ್ಣಿನ ಲೆಕ್ಕ

2022ರ ಬೇಸಗೆಯ ಒಂದು ಭಾನುವಾರ ಬೆಳಿಗ್ಗೆ ವೈಟ್‌ಫೀಲ್ಡಿನ ನನ್ನ ಮನೆಗೆ ಅಪರೂಪದ ಅತಿಥಿಯೊಬ್ಬರು ಬಂದರು. ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಕೋಲಾರ ತಾಲ್ಲೂಕಿನ ನರಸಾಪುರದ ಕಡೆಯ ಹಳ್ಳಿಯವರು. ಮೂರೂವರೆ ಎಕರೆ ಕೆಂಪು ನೆಲದ ಒಡೆಯರು. ಕೈಯಲ್ಲಿ ಎರಡು ಚೀಲಗಳಿದ್ದುವು. ಒಂದರಲ್ಲಿ ತೋತಾಪುರಿ ಮಾವಿನಕಾಯಿ. ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಇನ್ನೊಂದನ್ನು ನನ್ನ ಮೇಜಿನ ಮೇಲೆ, ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಪಕ್ಕದಲ್ಲಿಯೇ ಇಟ್ಟು ಬಾಯಿ ಬಿಚ್ಚಿದರು. ಒಳಗೆ ಕರಿಯ ಮಣ್ಣಿನ ನಾಲ್ಕು ಹೆಂಟೆಗಳು.

“ವರ್ತೂರು ಕೆರೆ ಗೋಡು ಮೇಷ್ಟ್ರೇ. ಲಾರಿ ಬಾಡಿಗೆ ಕೊಟ್ರೆ ಸಾಕಂತೆ, ಮಣ್ಣಿಗೆ ದುಡ್ಡಿಲ್ಲ. ನಮ್ಮ ಪಕ್ಕದ ಹೊಲದೋರು ಆಗಲೇ ಹತ್ತು ಲೋಡು ಹೊಡೆಸವ್ರೆ. ನಾವು ಹೊಡೆಸ್ಬೋದೋ ಬ್ಯಾಡವೋ, ನೀವು ನೋಡಿ ಹೇಳ್ಬೇಕು.”

ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು, ಮಣ್ಣಿನ ವಿದ್ಯೆ ನನಗೆ ತಿಳಿಯದು ಎಂದು ಹೇಳಿಕೊಂಡೆ. ಅವರು ಒಪ್ಪಲಿಲ್ಲ. “ಓದಿದೋರಲ್ವಾ? ಎಲ್ಲಿ ಕೇಳ್ಬೇಕು ಅನ್ನೋದಾದ್ರೂ ನಿಮಗೆ ಗೊತ್ತಿರ್ತದೆ” ಎಂದರು.

ಆ ಮಾತು ನನ್ನನ್ನು ಕಟ್ಟಿಹಾಕಿತು. ಒಂದು ವಾರದ ಅವಧಿ ಬೇಡಿದೆ. ವಾರ ಹೋಗಿ ಎರಡು ತಿಂಗಳಾಯಿತು. ಆ ಎರಡು ತಿಂಗಳಲ್ಲಿ ಪುಸ್ತಕಗಳಿಂದಲೂ ಬಲ್ಲವರಿಂದಲೂ ನಾನು ಸಂಗ್ರಹಿಸಿದ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ಹೆಂಟೆಯೊಂದನ್ನು ಮೂಸಿ ನೋಡಿದಾಗ ಬಂದದ್ದು ಕೆರೆಯ ಕೆಸರಿನ ವಾಸನೆಯಲ್ಲ. ಚರಂಡಿಯ ವಾಸನೆ, ಅದರ ಹಿಂದೆ ಎಲ್ಲೋ ದೂರದಲ್ಲಿ ಸೀಮೆಎಣ್ಣೆಯಂಥ ಇನ್ನೊಂದು. ಮೂಗಿನ ಸಾಕ್ಷ್ಯವನ್ನು ನಾನು ಹೆಚ್ಚು ನಂಬುವವನಲ್ಲ. ಆದರೂ ಬರೆದಿಡುತ್ತೇನೆ.

ಗೋಡು ಎಂಬ ಮಾತೇ ಈಗಿನ ಹುಡುಗರಿಗೆ ದೂರವಾಗಿದೆ. ಮರುದಿನ ತರಗತಿಯಲ್ಲಿ ಕೇಳಿದೆ; ನಲವತ್ತು ಮಂದಿಯಲ್ಲಿ ಮೂವರು ಕೈಯೆತ್ತಿದರು, ಮೂವರೂ ಹಳ್ಳಿಯಿಂದ ಬಂದವರು. ಮಳೆಯ ನೀರು ಹೊಲ, ತೋಟ, ದನದ ದಾರಿಗಳನ್ನೆಲ್ಲ ತೊಳೆದು ಹೊತ್ತು ತರುವ ನವುರಾದ ಮಣ್ಣು, ಕೊಳೆತ ಎಲೆ, ಸಗಣಿ ಎಲ್ಲವೂ ಕೆರೆಯ ತಳದಲ್ಲಿ ನಿಧಾನವಾಗಿ ಇಳಿದು ವರ್ಷ ವರ್ಷಕ್ಕೂ ಪದರ ಕಟ್ಟುತ್ತವೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಊರವರು ಅದನ್ನು ಅಗೆದು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಕೆರೆಯೂ ಆಳವಾಗುತ್ತಿತ್ತು, ಹೊಲವೂ ಮೈತುಂಬಿಕೊಳ್ಳುತ್ತಿತ್ತು. ಕೋಲಾರದ ಕೆಂಪು ನೆಲಕ್ಕೆ ನೀರು ಹಿಡಿದಿಡುವ ಶಕ್ತಿ ಕಡಮೆ. ಜಿಗುಟಾದ ಗೋಡು ಅದರ ಹಸಿವನ್ನು ತೀರಿಸುತ್ತಿತ್ತು. ಹೊಲದಿಂದ ಮಳೆ ಕದ್ದುದನ್ನು ರೈತ ಕೆರೆಯಿಂದ ಮರಳಿ ತರುತ್ತಿದ್ದ ಎಂದರೂ ಸರಿಯೆ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. ನಮ್ಮ ಶಾಸನಗಳಲ್ಲಿ ಕೆರೆಯ ಪಾಲನೆಗಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಕೆರೆಯ ಹೂಳು ಹೊರಲು ಬಂಡಿಗಳನ್ನೂ ಕೋಣಗಳನ್ನೂ ಇಟ್ಟು, ಅವುಗಳ ಖರ್ಚಿಗೆ ದತ್ತಿ ಬಿಟ್ಟ ಶಾಸನಗಳೂ ಉಂಟು. ದೂರ ಹೋಗಬೇಕಾಗಿಲ್ಲ, ಈಗ ಹೊರವರ್ತುಲ ರಸ್ತೆಯ ವಾಹನಗಳು ಹಗಲಿರುಳೂ ಗುಡುಗುವ ಅಗರದಲ್ಲಿಯೇ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನವೊಂದಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದವನೊಬ್ಬನ ಸಂಗತಿ ಅದರಲ್ಲಿದೆ. ಅಗರದ ಕೋಡಿಯ ನೀರು ಇಳಿಯುವುದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ. ನನ್ನ ಮೇಜಿನ ಮೇಲಿದ್ದ ಹೆಂಟೆಗಳಿಗೂ ಆ ಶಾಸನಕ್ಕೂ ಹೀಗೆ ನೆಂಟಸ್ತಿಕೆಯಿದೆ.

ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪಡುವಣ ಬದಿಗೆ ಬಿದ್ದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೀಣ್ಯದ ಕಡೆಯ ಕೊಳೆಯ ಕಥೆ ಆ ಬದಿಯದು. ಅದು ಬೇರೆಯೇ ಲೇಖನವಾದೀತು. ಮೂಡಣ ಬದಿಯ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಕೆರೆಯಿಂದ ಕೆರೆಗೆ ಇಳಿಯುತ್ತ, ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯನ್ನೂ ಅದರ ಅರ್ಧದಷ್ಟಿರುವ ವರ್ತೂರು ಕೆರೆಯನ್ನೂ ದಾಟಿ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಈ ಬಡಹೊಳೆ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನು ಹಾಯ್ದು, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಕಡಲೂರಿನಲ್ಲಿ ಕಡಲಿಗೆ ಬೀಳುತ್ತದೆ. ವೈಟ್‌ಫೀಲ್ಡಿನ ಬಸ್ಸಿನಲ್ಲಿ ‘ವರ್ತೂರು ಕೋಡಿ’ ಎಂದು ಕೂಗಿದಾಗ ಇಳಿಯುವ ಸಾವಿರಾರು ತರುಣರಲ್ಲಿ ಕೋಡಿಯೆಂದರೆ ಕೆರೆ ತುಂಬಿ ಹರಿಯುವ ತಾವೆಂದು ಎಷ್ಟು ಮಂದಿಗೆ ಹೊಳೆಯುತ್ತದೆಯೋ! ಪಕ್ಕದ ತೂಬರಹಳ್ಳಿಯ ಹೆಸರಿನಲ್ಲಿಯೂ ತೂಬು ಕೇಳಿಸುತ್ತದೆ. ಊರಹೆಸರುಗಳು ನೀರನ್ನು ನೆನೆಯುತ್ತಿವೆ, ಊರು ಮರೆತಿದೆ.

ಮರೆತ ಕೆರೆಗಳು ತಮ್ಮ ಇರವನ್ನು ಬೇರೆ ರೀತಿಯಲ್ಲಿ ಸಾರಿದುವು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ. 2018ರ ಜನವರಿಯಲ್ಲಿ ಇನ್ನೊಮ್ಮೆ, ಅಂದು ಆರಿಸಲು ಸೈನಿಕರು ಇಳಿದರು. ವರ್ತೂರು ಕೋಡಿಯ ಸೇತುವೆಯ ಮೇಲೆ ಗಾಳಿ ಬೀಸಿದಾಗ ಬಿಳಿಯ ನೊರೆ ಹಾರಿ ಬಂದು ಸ್ಕೂಟರು ಸವಾರರ ಮುಖಕ್ಕೆ ಬಡಿಯುತ್ತಿತ್ತು. ತಡೆಯಲು ಜಾಲರಿ ಕಟ್ಟಿದರು. ನಾನೂ ಎಷ್ಟೋ ಸಲ ಅದನ್ನು ಕರವಸ್ತ್ರದಿಂದ ಒರೆಸಿಕೊಂಡು ಕಾಲೇಜಿಗೆ ಹೋಗಿ ಮಳೆಗಾಲದ ವರ್ಣನೆಯ ಪಾಠ ಮಾಡಿದ್ದೇನೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿಯನ್ನು ನೇಮಿಸಿತು. ಮುಂದೆ ಕೊಳೆನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿ, ಕೆರೆಗಳನ್ನು ಬರಿದುಮಾಡಿ, ಹೂಳೆತ್ತುವ ಕೆಲಸ ಆರಂಭವಾಯಿತು. ನೊರೆಯನ್ನೂ ಬೆಂಕಿಯನ್ನೂ ನಾಡೆಲ್ಲ ನೋಡಿತು. ತಳದಲ್ಲಿದ್ದುದನ್ನು ನೋಡಿದವರು ಟಿಪ್ಪರ್ ಲಾರಿಯ ಚಾಲಕರು ಮತ್ತು ನಮ್ಮ ರೈತರು.

ಅಂದ ಮೇಲೆ ಪ್ರಶ್ನೆ: ಆ ತಳದಲ್ಲಿ ಏನಿದೆ?

ಮೊದಲು ಹೊಲದ ಪಾಲನ್ನು ಹೇಳಬೇಕು. ರೈತರು ಕೀಟನಾಶಕವನ್ನು ಕೀಟನಾಶಕವೆಂದು ಕರೆಯುವುದಿಲ್ಲ. ‘ಔಷಧಿ’ ಎನ್ನುತ್ತಾರೆ, ‘ಎಣ್ಣೆ’ ಎನ್ನುತ್ತಾರೆ, ಕರಾವಳಿಯ ಕಡೆ ‘ಮದ್ದು’ ಎನ್ನುತ್ತಾರೆ. ಮದ್ದು ಎಂಬ ನಮ್ಮ ಹಳೆಯ ಮಾತು ಬಲು ಜಾಣ ಮಾತು. ರೋಗ ಕಳೆಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಹಗೆಗೆ ಅನ್ನದಲ್ಲಿ ಇಕ್ಕುವುದೂ ಮದ್ದು. ಈ ಮೂರೂ ಅರ್ಥಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿ ಮಾರುವ ಕಾಲ ಬರುತ್ತದೆಂದು ನಿಘಂಟುಕಾರರು ಎಣಿಸಿರಲಿಕ್ಕಿಲ್ಲ. ಮೈಸೂರು ಸೀಮೆಯಲ್ಲಿ ಬೆಳೆಗೆ ಔಷಧ ಸಿಂಪಡಿಸುವುದು ಬಳಕೆಗೆ ಬಂದುದು ಮೈಲುತುತ್ತದಿಂದ. ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿನಲ್ಲಿ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರು. ಮುಂದೆ ಬೆಂಗಳೂರಿನ ಸುತ್ತಣ ದ್ರಾಕ್ಷಿ ಚಪ್ಪರಗಳಿಗೂ ಅದೇ ನೀಲಿ ನೀರು ಬಿತ್ತು. ಅದರ ತಾಮ್ರ ಮಣ್ಣಿನಲ್ಲಿ ಉಳಿಯುವಂಥದು. ಆದರೆ ಮುಂದೆ ಬಂದವುಗಳ ಎದುರಿಗೆ ಮೈಲುತುತ್ತ ಸಾಧುಪ್ರಾಣಿ.

ಡಿ.ಡಿ.ಟಿ.ಯ ಗುಣವನ್ನು ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಅರ್ಹವಾದ ಬಹುಮಾನವೇ, ಮಲೇರಿಯದಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಹಳ್ಳಿ ಹಳ್ಳಿಗೂ ಪಂಪು ಹೊತ್ತವರು ಬಂದರು. ನಾನು ಚಿಕ್ಕವನಾಗಿದ್ದಾಗಲೂ ಬರುತ್ತಿದ್ದರು. ಗೋಡೆಗೆ ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. ಅಜ್ಜಿ ಮರುದಿನವೇ ಅದರ ಮೇಲೆ ಸುಣ್ಣ ಬಳಿಯುತ್ತಿದ್ದಳು. ಗೋಡೆಯ ಮದ್ದು ಹೊಲಕ್ಕೂ ಇಳಿಯಿತು, ಜೊತೆಗೆ ಬಿ.ಎಚ್.ಸಿ. ಎಂಬ ಪುಡಿ. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಹಕ್ಕಿಗಳ ದನಿ ಅಡಗುವುದನ್ನು ಕುರಿತು ಬರೆದರು. ಅಲ್ಲಿ 1972ರಲ್ಲಿ ಡಿ.ಡಿ.ಟಿ. ನಿಂತಿತು. ನಮ್ಮಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಂತದ್ದು 1989ರಲ್ಲಿ, ಬಿ.ಎಚ್.ಸಿ. 1997ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ.

ನಿಂತುಹೋದ ಮೇಲೆ ಹಳೆಯ ಕಥೆಯೇಕೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಗೋಡಿನ ಗುಣ ಅಡ್ಡ ಬರುತ್ತದೆ. ಡಿ.ಡಿ.ಟಿ.ಯಂಥ ವಸ್ತುಗಳಿಗೆ ನೀರೆಂದರೆ ಆಗದು. ಅವು ನೀರಿನಲ್ಲಿ ಕರಗುವುದು ಅತ್ಯಲ್ಪ. ಜಿಡ್ಡು ಕಂಡರೆ, ಕೊಳೆತ ಸಸ್ಯಾಂಶ ಕಂಡರೆ, ನವುರಾದ ಜೇಡಿಯ ಕಣ ಕಂಡರೆ ಅಂಟಿಕೊಳ್ಳುತ್ತವೆ. ಮಳೆಯಲ್ಲಿ ಕೊಚ್ಚಿಬಂದ ಕಣದ ಬೆನ್ನೇರಿ ಕೆರೆಗೆ ಬಂದು ಅದರೊಡನೆ ತಳಕ್ಕಿಳಿಯುತ್ತವೆ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಒಡೆಯುವ ಕೆಲಸ ಬಲು ನಿಧಾನ. ಒಡೆದರೂ ಒಂದು ಹೆಸರು ಹೋಗಿ ಇನ್ನೊಂದು ಹೆಸರು ಬರುತ್ತದೆ; ಡಿ.ಡಿ.ಟಿ. ಹೋಗಿ ಡಿ.ಡಿ.ಡಿ., ಡಿ.ಡಿ.ಇ. ಎಂಬ ಮಕ್ಕಳು ಹುಟ್ಟುತ್ತವೆ, ಅವುಗಳ ಆಯುಸ್ಸೂ ದೀರ್ಘ. ಕೆಸರಿನ ಹುಳುವನ್ನು ಮೀನು ತಿಂದು, ಮೀನನ್ನು ಕೊಕ್ಕರೆ ತಿಂದು, ಮೇಲೆ ಹೋದಂತೆಲ್ಲ ವಿಷ ಕೊಬ್ಬಿನಲ್ಲಿ ಸಾಂದ್ರವಾಗುತ್ತದೆ. ಜೇಡಿ ಮತ್ತು ಕೊಳೆತ ಸಸ್ಯಾಂಶ — ಯಾವ ಎರಡು ಗುಣಗಳಿಂದ ಗೋಡು ಸಾವಿರ ವರ್ಷ ಗೊಬ್ಬರವಾಗಿತ್ತೋ ಅವೇ ಎರಡರಿಂದ ಅದೀಗ ವಿಷದ ಉಗ್ರಾಣವೂ ಆಗಿದೆ. ಈ ಒಂದು ಸಂಗತಿ ತಿಳಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಹತ್ತಲಿಲ್ಲ. ಹೂಳು ಎಂಬ ಕನ್ನಡದ ಮಾತಿಗೆ ಕೆರೆಯ ಕೆಸರು ಎಂಬ ಅರ್ಥವೂ ಇದೆ, ನೆಲದಲ್ಲಿ ಹುಗಿ ಎಂಬ ಅರ್ಥವೂ ಇದೆ. ಹೂಳಿದ್ದು ಹೂಳಿನಲ್ಲಿ ಇರುತ್ತದೆ.

ಬರಿಯ ರೈತನನ್ನು ದೂರುವುದು ಅನ್ಯಾಯ. ನಗರದ ಪಾಲು ಚಿಕ್ಕದಲ್ಲ. ನಾನಿರುವ ಕಟ್ಟಡವನ್ನೇ ತೆಗೆದುಕೊಳ್ಳಿ. ಮನೆ ಕೊಳ್ಳುವಾಗ ಕಟ್ಟಿದವರು ಕೊಟ್ಟ ಹೊತ್ತಗೆಯಲ್ಲಿ ಗೆದ್ದಲಿನಿಂದ ಹತ್ತು ವರ್ಷದ ಭರವಸೆ ಎಂದು ದಪ್ಪಕ್ಷರದಲ್ಲಿತ್ತು. ಓದಿ ಸಂತೋಷಪಟ್ಟಿದ್ದೆ. ಈಗ ವಿಚಾರಿಸಿದರೆ, ತಳಪಾಯದ ಮಣ್ಣಿಗೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ನೀರನ್ನು ಸುರಿದಿದ್ದಾರೆ. ಹತ್ತು ವರ್ಷ ಗೆದ್ದಲು ಬಾರದಿರಬೇಕಾದರೆ ಹತ್ತು ವರ್ಷ ವಿಷ ಹೋಗದಿರಬೇಕು. ಭರವಸೆಯ ಈ ಮಗ್ಗುಲು ನನಗೆ ಅಂದು ತೋಚಿರಲಿಲ್ಲ. ಹಿಂದೆ ಇದೇ ಕೆಲಸಕ್ಕೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಎಂಬುವು ಇದ್ದುವು. 1990ರ ದಶಕದಲ್ಲಿ ಅವು ನಿಷಿದ್ಧವಾದುವು. ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಸ್ಟಾಕ್‌ಹೋಮ್ ಒಪ್ಪಂದದ ತ್ಯಾಜ್ಯ ವಿಷಗಳ ಪಟ್ಟಿಗೆ ಸೇರಿತು. ಈ ಕಣಿವೆಯಲ್ಲಿ ಮೂವತ್ತು ವರ್ಷಗಳಲ್ಲಿ ಎದ್ದ ಕಟ್ಟಡಗಳನ್ನು ಎಣಿಸಿ, ಒಂದೊಂದರ ಪಾಯ ತೋಡಿದ ಮಣ್ಣು ಮಳೆಗೆ ಎಲ್ಲಿಗೆ ಹರಿದೀತೆಂದು ಊಹಿಸಿ. ಸೊಳ್ಳೆಯ ಹೊಗೆ, ಜಿರಲೆಯ ಡಬ್ಬಿ, ಕಂಪನಿಗಳ ಹುಲ್ಲುಹಾಸಿನ ಔಷಧ ಬೇರೆ. ನನ್ನ ಅಡುಗೆಮನೆಯ ತೊಟ್ಟಿಯ ಕೆಳಗೂ ಒಂದು ಡಬ್ಬಿಯಿದೆ.

ಇವುಗಳೊಡನೆ ಕಾರ್ಖಾನೆಗಳ ಲೋಹಗಳು. ಭಾರತೀಯ ವಿಜ್ಞಾನ ಮಂದಿರದ ಟಿ. ವಿ. ರಾಮಚಂದ್ರ ಮತ್ತವರ ಸಂಗಡಿಗರು ವರ್ತೂರು, ಬೆಳ್ಳಂದೂರುಗಳ ನೀರು, ಕೆಸರುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಈ ಕಣಿವೆಯ ಹೂಳಿನಲ್ಲಿಯೂ, ಇಲ್ಲಿಯ ನೀರು ಹಾಯಿಸಿ ಬೆಳೆದ ತರಕಾರಿಯಲ್ಲಿಯೂ ಕ್ಯಾಡ್ಮಿಯಮ್, ಸೀಸದಂಥ ಲೋಹಗಳು ಸೇರಿರುವುದು ಅಧ್ಯಯನಗಳಲ್ಲಿ ಕಂಡಿದೆ. ಕ್ಲೋರೀನುಳ್ಳ ಕೀಟನಾಶಕಗಳನ್ನು ಹೊಳೆಯ ಕೆಸರಿನಲ್ಲಿ ಹುಡುಕಿದವರು ದಕ್ಷಿಣದಲ್ಲಿ ಹೆಚ್ಚಾಗಿ ಕೆಳಗಿನ ನದೀಮುಖಗಳಿಗೆ ಹೋದರು. 1990ರ ಆಚೀಚೆ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಕಡಲಜೀವ ವಿಜ್ಞಾನಿಗಳು ಜಪಾನಿನ ಎಹಿಮೆ ವಿಶ್ವವಿದ್ಯಾನಿಲಯದವರೊಡನೆ ಕೂಡಿ ಪರಂಗಿಪೇಟೆಯ ಬಳಿ ವೆಳ್ಳಾರು ಹೊಳೆಯ ಸೀಮೆಯಲ್ಲಿ ಮಾಡಿದ ಕೆಲಸ ಕುತೂಹಲದ್ದು. ಗದ್ದೆಗೆ ಹಾಕಿದ ಬಿ.ಎಚ್.ಸಿ. ಎಲ್ಲಿಗೆ ಹೋಗುತ್ತದೆಂದು ಅವರು ಬೆನ್ನಟ್ಟಿ ನೋಡಿದರೆ, ಬಹುಪಾಲು ಮಣ್ಣಿನಲ್ಲಿಯೂ ಇಲ್ಲ, ಹೊಳೆಯಲ್ಲಿಯೂ ಇಲ್ಲ. ನಮ್ಮ ಬಿಸಿಲಿಗೆ ಆವಿಯಾಗಿ ಗಾಳಿಗೇರಿತ್ತು! ಹಾಗೆ ಏರಿದ್ದು ತಂಪು ನಾಡುಗಳಲ್ಲಿ, ಧ್ರುವದ ಹಿಮದವರೆಗೂ, ಇಳಿಯುತ್ತದೆ. ಬಿಸಿಲ ನಾಡಿನ ಹೊಳೆಗೆ ಇದೊಂದು ಬಗೆಯ ಅದೃಷ್ಟ. ಧ್ರುವದ ಕರಡಿಗೆ ದುರದೃಷ್ಟ. ಡಿ.ಡಿ.ಟಿ. ಅಷ್ಟು ಹಗುರವಲ್ಲ, ಅದು ಕೆಸರನ್ನು ಹೆಚ್ಚು ನೆಚ್ಚುತ್ತದೆ. ಕಾವೇರಿಯ ಕೆಸರಿನಲ್ಲಿಯೂ ಈ ಬಳಗದ ಶೇಷಗಳು ದೊರೆತಿವೆ.

ಇಷ್ಟನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ಹೇಳುತ್ತಿದ್ದಾಗ ಕಾಸರಗೋಡಿನ ಕಡೆಯ ಸಹೋದ್ಯೋಗಿಯೊಬ್ಬರು ಅಲ್ಲಿಯತನಕ ಸುಮ್ಮನಿದ್ದವರು, “ನಿಮಗೆ ಇದು ಈಗ ಗೊತ್ತಾಯಿತಾ ಮಾರಾಯರೆ?” ಎಂದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಅವರ ನೆಂಟರ ಊರು. ಗುಡ್ಡದ ನೆತ್ತಿಯಲ್ಲಿ ಕೇರಳದ ತೋಟಗಾರಿಕಾ ನಿಗಮದ ಗೇರುತೋಟ. ಅದರ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಕೆಳಗೆ ಸುರಂಗದ ನೀರು, ತೋಡಿನ ನೀರು ಕುಡಿದು ಬದುಕುವ ಕನ್ನಡ, ತುಳು, ಮಲಯಾಳಗಳ ಮನೆಗಳು. ಮೊದಲು ಕರುಗಳ ಕಾಲು ಸೊಟ್ಟಗಾದುವು, ಆಮೇಲೆ ಮಕ್ಕಳಲ್ಲಿ ಅಂಗವೈಕಲ್ಯ ಕಾಣಿಸಿತು. ಪತ್ರಕರ್ತ ಶ್ರೀ ಪಡ್ರೆ, ಊರಿನ ವೈದ್ಯ ಮೋಹನಕುಮ���ರ್ ಮುಂತಾದವರು ಬರೆದು, ಕೂಗಿ ಹೇಳಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿಯ ನೀರು, ಮಣ್ಣು, ಜನರ ರಕ್ತಗಳಲ್ಲಿ ವಿಷ ಕಂಡಿತೆಂದು ಪ್ರಕಟಿಸಿತು; ನಿಗಮ ಮಾಡಿಸಿದ ಪರೀಕ್ಷೆ ಇಲ್ಲವೆಂದಿತು; 2002ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವರದಿ ಹಳ್ಳಿಗರ ಮಾತಿಗೆ ಬಲ ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ತಡೆಯಾಜ್ಞೆ ಕೊಟ್ಟದ್ದು 2011ರ ಮೇ ತಿಂಗಳಲ್ಲಿ. “ಹೆಲಿಕಾಪ್ಟರು ನಿಂತ ಮೇಲೂ ಅಮ್ಮ ತೋಡಿನ ಕೆಸರನ್ನು ತೋಟಕ್ಕೆ ಹಾಕಲು ಬಿಡುತ್ತಿರಲಿಲ್ಲ” ಎಂದರು ಸಹೋದ್ಯೋಗಿ. ಅದೇ ಎಂಡೋಸಲ್ಫಾನನ್ನು ಬಯಲುಸೀಮೆಯ ರೈತರು ಯಾರ ಗಮನಕ್ಕೂ ಬೀಳದಂತೆ ಹೊಡೆದರು. ಹೆಲಿಕಾಪ್ಟರಿರಲಿಲ್ಲ, ಬೆನ್ನಿಗೆ ಕಟ್ಟಿದ ಪಂಪು, ಅಷ್ಟೆ.

ಹೆಂಟೆಗಳತ್ತ ಮರಳೋಣ. ನಾನು ಅವನ್ನು ಪೊಟ್ಟಣ ಕಟ್ಟಿ ಮಣ್ಣು ಪರೀಕ್ಷೆಯ ಒಂದು ಕೇಂದ್ರಕ್ಕೆ ಒಯ್ದೆ. ಬಲು ಮರ್ಯಾದೆಯಿಂದ ತೆಗೆದುಕೊಂಡರು, ಕೆಲವು ದಿನಗಳಲ್ಲಿ ಚೀಟಿ ಕೊಟ್ಟರು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ರಸಸಾರ, ಲವಣಾಂಶ, ಸಾವಯವ ಇಂಗಾಲ: ಒಟ್ಟು ಹನ್ನೆರಡು ಅಂಕಿ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ ಕ್ರಮವೇ ಇದು. ಗೋಡಿಗೆ ಪ್ರಥಮ ದರ್ಜೆಯೇ ಬಂದಿತ್ತು, ರಂಜಕವಂತೂ ಸಮೃದ್ಧಿ. ನಗರದ ಸಾಬೂನಿನ ಪುಡಿ, ಮಲಮೂತ್ರಗಳೆಲ್ಲ ಅಲ್ಲಿರುವಾಗ ಸಮೃದ್ಧಿಯಲ್ಲದೆ ಮತ್ತೇನು! ವಿಷದ ಮಾತೆತ್ತಿದೆ. “ಅದು ಈ ಪರೀಕ್ಷೆಯಲ್ಲಿ ಬರೋದಿಲ್ಲ ಸಾರ್” ಎಂದರು. ಮಣ್ಣು ಎಷ್ಟು ಬೆಳೆ ಕೊಟ್ಟೀತೆಂದು ಈ ಚೀಟಿ ಹೇಳುತ್ತದೆ. ಏನನ್ನು ಬೆರೆಸಿ ಕೊಟ್ಟೀತೆಂದು ಹೇಳುವುದಿಲ್ಲ. ಕೀಟನಾಶಕ ಶೇಷಗಳಿಗೆ ಬೇರೆ ಯಂತ್ರ ಬೇಕು, ಬೇರೆ ಪ್ರಯೋಗಾಲಯ ಬೇಕು. ಒಂದು ಮಾದರಿಗೆ ಸಾವಿರಗಟ್ಟಲೆ ರೂಪಾಯಿ. ಅದನ್ನೂ ಕೊಟ್ಟೇನು, ಆದರೆ ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಕುಡಿಯುವ ನೀರಿಗೆ ಮಿತಿಯಿದೆ, ತಿನ್ನುವ ಧಾನ್ಯಕ್ಕೆ ಮಿತಿಯಿದೆ. ಕೆರೆಯ ಹೂಳಿಗೆಂದೇ ಅಂಥ ಕಟ್ಟಳೆ ನಮ್ಮಲ್ಲಿಲ್ಲ.

ಮತ್ತೊಂದು ತೊಡಕು. ಹೂಳು ಪದರ ಪದರವಾಗಿ ಕಟ್ಟಿದ್ದು. ಕೊಳವೆ ಇಳಿಸಿ ಉದ್ದಕ್ಕೆ ತೆಗೆದ ಹೂಳಿನಲ್ಲಿ ಯಾವ ಪದರ ಯಾವ ಕಾಲದ್ದೆಂದು ವಿಜ್ಞಾನಿಗಳು ಹೇಳಬಲ್ಲರು. ಅಣ್ವಸ್ತ್ರ ಪ್ರಯೋಗಗಳಿಂದ ಉದುರಿದ ಸೀಸಿಯಮ್ ಧಾತು 1963ರ ಸುಮಾರಿನ ಪದರದಲ್ಲಿ ಜಗತ್ತಿನ ಕೆರೆಗಳಲ್ಲೆಲ್ಲ ಗುರುತು ಬಿಟ್ಟಿದೆಯಂತೆ. ಓಲೆಗರಿಯ ಕಾಲ ನಿರ್ಣಯಕ್ಕೆ ಇಂಥದೊಂದು ಸೌಕರ್ಯವಿದ್ದಿದ್ದರೆ ನಮ್ಮ ವಿದ್ವಾಂಸರ ಎಷ್ಟು ಜಗಳ ತಪ್ಪುತ್ತಿತ್ತು! ಆದರೆ ಜೆ.ಸಿ.ಬಿ. ಬಾಚಿ ಟಿಪ್ಪರಿಗೆ ಸುರಿದ ಮೇಲೆ ಮೇಲಿನದು ಕೆಳಗಿನದೆಲ್ಲ ಒಂದೆ. ಪಕ್ಕದ ಹೊಲದವರ ಹತ್ತು ಲೋಡಿನಲ್ಲಿ ಗಂಗರ ಕಾಲದ ಮಣ್ಣು ಎಷ್ಟು, ಗಣಕಯಂತ್ರದ ಕಾಲದ ಮಣ್ಣು ಎಷ್ಟು ಎಂದು ಯಾರೂ ಹೇಳಲಾರರು. ನನ್ನ ನಾಲ್ಕು ಹೆಂಟೆ ಯಾವ ಪದರದವು? ಅವುಗಳ ಫಲಿತಾಂಶ ಅವುಗಳದು ಮಾತ್ರ.

ರಸಾಯನಶಾಸ್ತ್ರ ಬಲ್ಲ ಮಿತ್ರರೊಬ್ಬರು ಇನ್ನಷ್ಟು ವಿವರಿಸಿದರು. ಹೊಸ ಕೀಟನಾಶಕಗಳಲ್ಲಿ ಬಹಳಷ್ಟು ತೆಳ್ಳಗೆ ಹರಡಿದ ಹೂಳಿನಲ್ಲಿ ಬಿಸಿಲು ಗಾಳಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಒಡೆದು ಹೋಗುತ್ತವೆ. ಡಿ.ಡಿ.ಟಿ.ಯ ಸಂತಾನಕ್ಕೆ ವರ್ಷಗಳು, ದಶಕಗಳು ಬೇಕು. ಲೋಹಗಳಿಗೆ ಸಾವೇ ಇಲ್ಲ. ವಿಚಿತ್ರವೆಂದರೆ ಕೆರೆಯ ಕೆಳಗಿದ್ದಾಗ ಅವು ಗಂಧಕದೊಡನೆ ಬಿಗಿಯಾಗಿ ಬೆಸೆದು ಒಂದೆಡೆ ಬಿದ್ದಿರುತ್ತವೆ. ಮೇಲೆತ್ತಿ ಒಣಗಿಸಿದರೆ ಗಾಳಿಯ ಸಂಗದಿಂದ ಬೆಸುಗೆ ಸಡಿಲಿ ಕ್ಯಾಡ್ಮಿಯಮ್, ಸತುಗಳು ಬೇರಿಗೆ ಎಟಕುತ್ತವೆ. ದಂಟು, ಪಾಲಕ್‌ನಂಥ ಸೊಪ್ಪುಗಳು ಕ್ಯಾಡ್ಮಿಯಮ್ಮನ್ನು ಬೇಗ ಹೀರುತ್ತವೆ. ಕುಂಬಳದ ಜಾತಿಯ ಬಳ್ಳಿಗಳೂ ಗಜ್ಜರಿಯೂ ಡಿ.ಡಿ.ಟಿ.ಯ ಬಳಗವನ್ನು ಎಳೆದುಕೊಳ್ಳುತ್ತವೆ. ತಿನ್ನದ ಬೆಳೆಗೆ, ಮರಮುಟ್ಟಿನ ಗಿಡಕ್ಕೆ ಹಾಕಿದರೆ ಭಯ ಕಡಮೆ. ಹೂಳೆತ್ತಲೇಬಾರದೇ ಎಂದು ಕೇಳಿದೆ. “ಎತ್ತದಿದ್ದರೆ ಕೆರೆ ಎಲ್ಲಿಯದು? ಎತ್ತಬೇಕು. ಎತ್ತಿದ್ದನ್ನು ಗೊಬ್ಬರವೆಂದು ಕೊಡುವ ಮುಂಚೆ ನೋಡಬೇಕು” ಎಂದರು. ನನಗೂ ಹಾಗೆಯೇ ತೋರಿತು. ಸರ್ಕಾರಕ್ಕೆ ಇದು ಆಗದ ಕೆಲಸವಲ್ಲ. ಲಾರಿಯ ಸಂಖ್ಯೆ ಬರೆದುಕೊಳ್ಳುವ ದಫ್ತರದಲ್ಲಿಯೇ ಮಣ್ಣು ಕೆರೆಯ ಯಾವ ಭಾಗದ್ದು, ಅದರಲ್ಲಿ ಏನಿದೆ, ಯಾವ ಬೆಳೆಗೆ ಹಾಕಬಾರದು ಎಂದು ನಾಲ್ಕು ಸಾಲು ಬರೆದು ರೈತನ ಕೈಗಿತ್ತಿದ್ದರೆ ಅವರು ಕನ್ನಡ ಮೇಷ್ಟರ ಮನೆಗೆ ಬರಬೇಕಾಗಿರಲಿಲ್ಲ.

ಮಳೆಗಾಲದ ಮೊದಲ ವಾರ ನಾನೇ ಅವರ ಹಳ್ಳಿಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಮಾತನ್ನು ಹೊಂದಿಸಿಕೊಂಡಿದ್ದೆ. ಬೇಡವೆಂದು ಹೇಳಲು ನನ್ನಲ್ಲಿ ಪುರಾವೆಯ ಅಂಕಿಯಿಲ್ಲ, ಹಾಕಿ ಎನ್ನಲು ಧೈರ್ಯವಿಲ್ಲ. ಮನೆಯ ನಡುಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳು. ಮಳೆ ಸುರಿದಂತೆ ಅವು ಸೊಪ್ಪು ಮೇಯುವ ಸದ್ದು. ರೈತರ ತಾಯಿ, ಎಂಬತ್ತರ ಮುದುಕಿ, ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ನನ್ನ ಪುರಾಣವನ್ನೆಲ್ಲ ಕೇಳಿಸಿಕೊಂಡಳು. ಹಿಂದೊಂದು ವರ್ಷ ಪಕ್ಕದವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆಯ ಮೇಲೆ ಬಿದ್ದು, ಒಂದೇ ರಾತ್ರಿಯಲ್ಲಿ ನೂರು ಮೊಟ್ಟೆಯ ಹುಳು ಸತ್ತಿದ್ದುವಂತೆ.

“ಯಾರು ಏನು ಹೊಡೆದವ್ರೋ ಗೊತ್ತಿಲ್ಲದ ಸೊಪ್ಪನ್ನ ಹುಳಕ್ಕೆ ಇಕ್ಕಾಕಿಲ್ಲ ನಾವು” ಎಂದಳು ಮುದುಕಿ. “ನಾವು ತಿನ್ನೋ ರಾಗಿಗೆ ಮಾತ್ರ ಯಾಕಪ್ಪ ಊರಿಲ್ಲದ ಮಣ್ಣು?”

ಅಲ್ಲಿಗೆ ತೀರ್ಮಾನವಾಯಿತು. ರೈತರು ಎರಡೇ ಲೋಡು ತರಿಸಿ ಬದುವಿನ ಸಿಲ್ವರ್ ಓಕ್ ಗಿಡಗಳ ಬುಡಕ್ಕೆ ಹಾಕಿಸಿದರು. ಹತ್ತು ಲೋಡು ಹಾಕಿದ ಪಕ್ಕದ ಹೊಲದಲ್ಲಿ ಆ ವರ್ಷ ಟೊಮೇಟೊ ಕಡುಹಸಿರಾಗಿ ಎದ್ದು ನಿಂತಿತ್ತು. ಬೆಳೆಯೂ ಚೆನ್ನಾಗಿ ಬಂದು ಕೋಲಾರದ ಮಾರುಕಟ್ಟೆಗೆ ಹೋಯಿತು. ಅಲ್ಲಿಂದ ಬೆಂಗಳೂರಿಗೆ ಬರುವ ಹಣ್ಣನ್ನು ನಮ್ಮ ಮನೆಯಲ್ಲಿಯೂ ಕೊಳ್ಳುತ್ತೇವೆ.

ಸಂಜೆ ಊರ ಕೆರೆಯ ಏರಿಯ ಮೇಲೆ ಕರೆದೊಯ್ದರು. ನನ್ನ ನೆನಪಿನ ಕೋಲಾರದ ಕೆರೆಗಳು ಜಾಲಿ ಬೆಳೆದ ಬೀಳುಗಳು. ಇದು ತುಂಬಿ ತುಳುಕುತ್ತಿತ್ತು. ಮಳೆಯಿಂದಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕೆರೆಗಳಿಗೆ ಏರಿಸುವ ಯೋಜನೆಯ ನೀರು ಅದು. 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು, ನ್ಯಾಯಾಲಯದ ಮೆಟ್ಟಿಲೇರಿ, ಕೆಲಕಾಲ ನಿಂತು, ಮತ್ತೆ ಹರಿಯಿತು. ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಬಂದಿದೆಯೆಂದು ಊರವರಿಗೆಲ್ಲ ಹರ್ಷ. ಬರದಲ್ಲಿ ಬೆಂದ ಸೀಮೆಯ ಆ ಹರ್ಷವನ್ನು ಅಲ್ಲಗಳೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಕೊಕ್ಕರೆಗಳೂ ಬಂದಿದ್ದುವು, ಅಂಚಿನ ಕೆಸರಿನಲ್ಲಿ ಒಂದೊಂದೇ ಹೆಜ್ಜೆಯಿಟ್ಟು ಏನನ್ನೋ ಹೆಕ್ಕುತ್ತಿದ್ದುವು.

ರೈತರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, “ಇದರ ಗೋಡು ಯಾವ ಕಾಲಕ್ಕೆ ಎತ್ತಬೋದು, ಮೇಷ್ಟ್ರೇ?” ಎಂದು ಕೇಳಿದರು.

ಆ ನಾಲ್ಕು ಹೆಂಟೆಗಳಲ್ಲಿ ಪರೀಕ್ಷೆಗೆ ಹೋಗದೆ ಉಳಿದ ಒಂದು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಒಣಗಿ ಕಲ್ಲಿನಂತಾಗಿದೆ, ವಾಸನೆ ಹೋಗಿದೆ.